ಕಪ್ಪು ಚೌಕ

ನಕಲಿ ನೋಟು ಹಿಡಿಯಲೆಂದು ಔಷಧಿ ಅಂಗಡಿಯ ಗಲ್ಲಾದ ಪಕ್ಕ ಒಂದು ನೇರಳೆ ದೀಪ ಇಟ್ಟಿದ್ದರು. ಅವನು ನೋಟನ್ನು ಅದರ ಕೆಳಗೆ ಇಟ್ಟ. ನೋಟಿಗೆ ಏನೂ ಆಗಲಿಲ್ಲ. ಹೊಳೆದದ್ದು ಅವನ ಬೆರಳು. ಹೆಬ್ಬೆರಳಿನ ಉಗುರಿನ ಸುತ್ತ, ತೋರುಬೆರಳಿನ ಗೆಣ್ಣಿನ ಗೆರೆಗಳಲ್ಲಿ, ಅಂಗೈಯ ಒಂದು ಮೂಲೆಯಲ್ಲಿ ಹಸಿರು ಹತ್ತಿಕೊಂಡಿತು. ಒಂದು ಕ್ಷಣ ಅವನಿಗೇ ಅದು ತನ್ನ ಕೈ ಅನ್ನಿಸಲಿಲ್ಲ. ಅಂಗಡಿಯವನು ಕನ್ನಡಕ ಮೇಲೆತ್ತಿ, "ಏನ್ ಸಾರ್, ಕೈಗೇ ಕರೆಂಟ್ ಕೊಟ್ಕೊಂಡಿದ್ದೀರಾ?" ಅಂದ. ಹಿಂದೆ ನಿಂತಿದ್ದ ಹೆಂಗಸು ನಕ್ಕಳು, ನಗುತ್ತಲೇ ಮಗುವನ್ನು ತನ್ನ ಕಡೆಗೆ ಎಳೆದುಕೊಂಡಳು. ಕೆಲಸದ್ದು, ಬಣ್ಣ, ಏನೂ ಆಗಲ್ಲ ಎಂದು ಅವನು ಹೇಳಿದ. ಮೂರನ್ನೂ ಒಂದೇ ಉಸಿರಿಗೆ ಹೇಳಿದ್ದರಿಂದ ಮೂರೂ ಸುಳ್ಳಿನ ಹಾಗೆ ಕೇಳಿಸಿದವು. ತೊಳೆದರೆ ಹೋಗುತ್ತದಾ ಎಂದು ಅಂಗಡಿಯವನು ಕೇಳಿದ. ಹೋಗುತ್ತದೆ ಅಂದ. ಹೋಗುವುದಿಲ್ಲ, ಮೇಲಿನ ಚರ್ಮ ಸವೆದು ಹೊಸದು ಬರುವ ತನಕ, ಒಂದು ವಾರ, ಹತ್ತು ದಿನ ಇರುತ್ತದೆ. ಅಂಗಡಿಯವನು ತಲೆನೋವಿನ ಮಾತ್ರೆಯ ಪಟ್ಟಿಯನ್ನು ಪೆನ್ನಿನ ತುದಿಯಿಂದ ಅವನ ಕಡೆಗೆ ತಳ್ಳಿದ. ಕೈಗೆ ಕೊಡಲಿಲ್ಲ.

ಹೊರಗೆ ಬಂದು ಒಂದು ಮಾತ್ರೆಯನ್ನು ನೀರಿಲ್ಲದೆ ನುಂಗಿದ. ಅದು ಗಂಟಲಲ್ಲಿ ಅಡ್ಡ ನಿಂತಿತು, ಅವನ ಸಂಶೋಧನಾ ಸಂಸ್ಥೆಯ ಗೇಟು ಬರುವವರೆಗೂ ಅಲ್ಲೇ ಇತ್ತು. ಬೆಳಿಗ್ಗೆ ಅವನು ಶರಟಿನ ಗುಂಡಿಗಳನ್ನು ಒಂದು ಮನೆ ಆಚೀಚೆ ಹಾಕಿಕೊಂಡದ್ದನ್ನು ನೋಡಿ ಹೆಂಡತಿ, ಮೀಟಿಂಗ್ ಇರೋದು ಆ ಹುಡುಗಿಗೆ ಅಲ್ವೇನ್ರೀ, ನಿಮಗ್ಯಾಕೆ ಬೆವರು ಎಂದು ಕೇಳಿದ್ದಳು. ಕೇಳಿ, ಉತ್ತರಕ್ಕೆ ಕಾಯದೆ, ಗುಂಡಿಗಳನ್ನು ತಾನೇ ಬಿಚ್ಚಿ ಸರಿಯಾಗಿ ಹಾಕಿದ್ದಳು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಉತ್ತರ ಕದ್ದು ಬರೆದದ್ದು ಅಂತ ಗೊತ್ತಾಗುವುದಕ್ಕೆ ಕೊನೆಯ ಸಾಲು ನೋಡಬೇಕಾಗಿಲ್ಲ, ಮಧ್ಯದ ಸಾಲುಗಳು ತೀರಾ ಅಚ್ಚುಕಟ್ಟಾಗಿದ್ದರೆ ಸಾಕು ಎಂದು ಒಮ್ಮೆ ಹೇಳಿದ್ದಳು. ಅವಳು ಹಾಗೆ ಹೇಳಿದ್ದು ಯಾವುದೋ ಏಳನೇ ಕ್ಲಾಸಿನ ಮಗುವಿನ ಬಗ್ಗೆ. ಆದರೂ ಅವತ್ತು ಅವನು ಎದ್ದುಹೋಗಿ ಬಚ್ಚಲಲ್ಲಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತಿದ್ದ.

ಮೀಟಿಂಗ್ ಮೂರು ಗಂಟೆಗೆ. ಸಮಿತಿಯಲ್ಲಿ ಇದ್ದವರು ಮೂವರು: ಪ್ರೊಫೆಸರ್, ಆಸ್ಪತ್ರೆಯಿಂದ ಬರುವ ಡಾಕ್ಟರಮ್ಮ, ಮತ್ತು ಅವನು. ಒಂದು ಹಾಳೆ, ಅದರಲ್ಲಿ ಎರಡು ಮನೆ. ಸಂಶೋಧನೆ ಮುಂದುವರಿಸಬಹುದು, ಮುಂದುವರಿಸಲಾಗದು. ಯಾವುದಾದರೂ ಒಂದಕ್ಕೆ ಗುರುತು ಹಾಕಿ ಮೂವರೂ ಸಹಿ ಮಾಡಬೇಕು. ಅವರ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಗೆ ಇದು ನಾಲ್ಕನೇ ವರ್ಷ, ಎರಡು ಸಲ ಅವಧಿ ಹೆಚ್ಚಿಸಿ ಆಗಿದೆ, ಮೂರನೇ ಸಲ ಇಲ್ಲ ಎಂದು ಪ್ರೊಫೆಸರ್ ತಿಂಗಳ ಹಿಂದೆಯೇ ಹೇಳಿದ್ದರು. ಅವಳು ಮನೆಗೆ ಹೋಗುತ್ತಾಳೆ. ಹೋಗುವುದಕ್ಕೆ ಕಾರಣ ಅವಳ ಕೈ. ಪ್ರಯೋಗಾಲಯದಲ್ಲಿ ಎಲ್ಲರೂ ಒಪ್ಪಿಕೊಂಡ ವಿಷಯ ಅದು: ಅವಳ ಕೈಗುಣ ಸರಿಯಿಲ್ಲ. ಅವಳು ಮುಟ್ಟಿದರೆ ಕಪ್ಪಾಗಿರಬೇಕಾದದ್ದೂ ಹೊಳೆಯುತ್ತದೆ. ಅದಕ್ಕೇ ಅವಳಿಗೆ ಮಿಂಚುಹುಳ ಎಂದು ಹೆಸರು ಬಿದ್ದಿತ್ತು. ಮಿಂಚುಹುಳ ಬಂತು, ಲೈಟ್ ಆಫ್ ಮಾಡ್ರೋ, ಕರೆಂಟ್ ಉಳಿಯುತ್ತೆ ಎಂದು ಹುಡುಗರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಒಂದು ಸಲ ಅವನೂ ನಕ್ಕಿದ್ದ.

ಅಣು ಅವನದು. ಎಂಟು ವರ್ಷದ ಹಿಂದೆ ಕಾಗದದ ಮೇಲೆ ಗೀಚಿ, ಆಮೇಲೆ ಹನ್ನೊಂದು ಹಂತಗಳಲ್ಲಿ ಕುದಿಸಿ, ಸೋಸಿ, ಒಣಗಿಸಿ ತಯಾರಿಸಿದ್ದು. ಅದಕ್ಕೆ ಒಂದು ತಲೆ, ಒಂದು ಬಾಲ. ತಲೆಗೆ ಹೊಳೆಯುವ ಗುಣ. ಬಾಲದ ತುದಿಯಲ್ಲಿ ಒಂದು ಇಕ್ಕಳ. ಇಕ್ಕಳ ಖಾಲಿಯಿರುವ ತನಕ ತಲೆಯ ಬೆಳಕನ್ನು ಅದೇ ನುಂಗಿಕೊಳ್ಳುತ್ತದೆ. ಸತುವಿನ ಒಂದು ಕಣ ಬಂದು ಇಕ್ಕಳದಲ್ಲಿ ಕೂತರೆ ಬೆಳಕು ಹೊರಗೆ ಬರುತ್ತದೆ. ಜೀವಕೋಶದೊಳಗೆ ಸತು ಎಲ್ಲಿದೆ, ಎಷ್ಟಿದೆ ಎಂದು ಕಣ್ಣಿಂದಲೇ ನೋಡಬಹುದು. ಗಾಜಿನ ನಳಿಗೆಯಲ್ಲಿ ಅದು ಹೇಳಿದ ಮಾತು ಕೇಳಿತು. ಸತುವಿಲ್ಲದಾಗ ನೀರಿನ ಹಾಗೆ ಸುಮ್ಮನೆ, ಒಂದು ಚಿಟಿಕೆ ಸತು ಹಾಕಿದ ಕೂಡಲೇ ಹಸಿರು. ಪ್ರೊಫೆಸರ್ ನಳಿಗೆಯನ್ನು ಕಿಟಕಿಗೆ ಹಿಡಿದು, ನೋಡ್ರಯ್ಯಾ, ಹುಟ್ಟಿದರೆ ಇಂಥ ಮಗು ಹುಟ್ಟಬೇಕು ಅಂದಿದ್ದರು. ಆಗ ಅವನು ಆರು ವರ್ಷದಿಂದ ತಾತ್ಕಾಲಿಕ ಹುದ್ದೆಯಲ್ಲಿದ್ದ. ಗೇಟಿನ ಕಾವಲುಗಾರ ಪ್ರತಿ ಮೂರು ತಿಂಗಳಿಗೆ ಅವನ ಗುರುತಿನ ಚೀಟಿ ಕಿತ್ತುಕೊಂಡು ಹೊಸದು ಕೊಡುತ್ತಿದ್ದ, ಕೊಡುವಾಗ ಪ್ರತಿ ಸಲ, ಇನ್ನೂ ಇದ್ದೀರಾ ಎಂದು ಕೇಳುತ್ತಿದ್ದ.

ಬೆಳಿಗ್ಗೆ ಒಂಬತ್ತೂವರೆಗೆ ಹುಡುಗಿ ಅವನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು, ಕೂದಲು ಒಣಗಿರಲಿಲ್ಲ, ಹೊಸ ಬಟ್ಟೆಯ ತೋಳಿನಲ್ಲಿ ಅಂಗಡಿಯ ಮಡಿಕೆ ಇನ್ನೂ ಉಳಿದಿತ್ತು. ಹದಿನಾಲ್ಕನೇ ಸಲವೂ ಹಾಗೇ ಬಂತು ಎಂದು ಹೇಳಿದಳು. ನಿಮ್ಮ ಪೇಪರಿನಲ್ಲಿ ಬರೆದ ಹಾಗೆಯೇ ಮಾಡಿದ್ದೇನೆ, ಕೋಶಗಳ ಸತುವನ್ನೆಲ್ಲ ಮೊದಲು ಇನ್ನೊಂದು ಔಷಧಿ ಹಾಕಿ ತೆಗೆದಿದ್ದೇನೆ, ಆಮೇಲೇ ಅಣು ಹಾಕಿದ್ದೇನೆ, ಆದರೂ ಹೊಳೆಯುತ್ತದೆ. ಅವಳ ದನಿಯಲ್ಲಿ ದೂರು ಇರಲಿಲ್ಲ. ಅದೇ ಅವನಿಗೆ ಹಿಂಸೆ. ಮನೆಯಲ್ಲಿ ಅವಳ ತಾಯಿ ಬಟ್ಟೆ ಹೊಲಿಯುತ್ತಾರೆ. ವಿಜ್ಞಾನ ಗೊತ್ತಿಲ್ಲ, ಆದರೆ ಮಗಳು ತೆಗೆಯುವ ಚಿತ್ರ ಕಪ್ಪಗೆ ಬರಬೇಕು ಎನ್ನುವಷ್ಟು ಗೊತ್ತು. ದಿನಾ ಮಧ್ಯಾಹ್ನ ಫೋನ್ ಮಾಡಿ, ಇವತ್ತಾದ್ರೂ ಕಪ್ಪಾಯ್ತೇನೇ ಎಂದು ಕೇಳುತ್ತಾರಂತೆ. ಪಕ್ಕದ ಮನೆಯವರು ಅನ್ನ ಸೀದದ್ದು ಅಂದುಕೊಂಡಿದ್ದಾರೆ ಸರ್ ಎಂದು ಅವಳೇ ಹೇಳಿಕೊಂಡು ಒಮ್ಮೆ ನಗಿಸಿದ್ದಳು. ಇವತ್ತು ನಗಿಸಲಿಲ್ಲ.

"ಒಂದೇ ಒಂದ್ಸಲ ನೀವು ಮಾಡಿ ತೋರಿಸಿ ಸರ್," ಅಂದಳು. "ನಾನು ಪಕ್ಕದಲ್ಲಿ ಕೂತು ನೋಡ್ತೀನಿ. ಹೋಗೋದು ಹೋಗ್ತೀನಿ, ಎಲ್ಲಿ ತಪ್ಪಿದೆ ಅಂತ ಗೊತ್ತಾಗಿ ಹೋದ್ರೆ ಸಾಕು."

ಕೆಲಸ ಇದೆ ಅನ್ನಬಹುದಿತ್ತು. ಎರಡು ವರ್ಷದಿಂದ ಹಾಗೇ ಅಂದಿದ್ದ. ಪೇಪರಿನ ಮೂಲ ಚಿತ್ರದ ಕಡತವನ್ನು ಅವಳು ಕೇಳಿದಾಗ ಹಳೆಯ ಡಿಸ್ಕ್ ಹಾಳಾಗಿದೆ ಎಂದು ಹೇಳಿದ್ದ, ಅವಳು ಅಯ್ಯೋ ಪಾಪ ಎಂದು ಅವನಿಗೇ ಮರುಗಿದ್ದಳು. ಈಗ ಅವನ ಬಾಯಿಂದ ನಡೆ ಎಂಬ ಮಾತು ಬಂತು. ಯಾಕೆ ಬಂತೋ ತಿಳಿಯಲಿಲ್ಲ. ಬಹುಶಃ ಅವಳ ಮುಂದೆಯೇ ಅದು ಹೊಳೆದುಬಿಡಲಿ, ತಾನು ಏನೂ ಹೇಳದೆಯೇ ಎಲ್ಲ ಬಯಲಾಗಿಬಿಡಲಿ ಎಂದು ಒಳಗೆ ಯಾರೋ ಆಸೆಪಟ್ಟಿರಬೇಕು. ಕಾರಿಡಾರಿನಲ್ಲಿ ಅವಳು ಅವನಿಗಿಂತ ಎರಡು ಹೆಜ್ಜೆ ಹಿಂದೆ ನಡೆದಳು. ಅವಳ ಚಪ್ಪಲಿಯ ಸದ್ದು ಕೇಳುತ್ತಿತ್ತು. ಅದು ನಿಂತರೆ ತಾನೂ ನಿಲ್ಲಬೇಕಾಗುತ್ತದೆ ಅನ್ನಿಸಿ ಅವನು ವೇಗವಾಗಿ ನಡೆದ.

ಸೂಕ್ಷ್ಮದರ್ಶಕದ ಕೋಣೆಗೆ ಕಿಟಕಿಯಿಲ್ಲ. ಬಾಗಿಲಿಗೆ ದಪ್ಪ ಕಪ್ಪು ಪರದೆ, ಬಾಗಿಲ ಕೆಳಗಿನ ಸಂದಿಗೆ ತುರುಕಲು ಒಂದು ಹಳೆಯ ಟವೆಲು. ಯಂತ್ರದ ಫ್ಯಾನು ಒಂದೇ ಸ್ವರದಲ್ಲಿ ಉಸಿರಾಡುತ್ತಿತ್ತು. ಅವನು ಕುರ್ಚಿಯಲ್ಲಿ ಕೂತ, ಅವಳು ಪಕ್ಕದ ಸ್ಟೂಲಿನಲ್ಲಿ, ಮಡಿಲಲ್ಲಿ ನೋಟ್‌ಬುಕ್. ಅವಳೇ ಸಿದ್ಧಮಾಡಿದ ಕೋಶಗಳ ತಟ್ಟೆಯನ್ನು ಲೆನ್ಸಿನ ಮೇಲಿಟ್ಟ. ಅವಳ ಕೆಲಸದಲ್ಲಿ ತಪ್ಪಿರಲಿಲ್ಲ, ಕೋಶಗಳು ಒಂದಕ್ಕೊಂದು ತಾಗಿಕೊಂಡು ಹದವಾಗಿ ಹರಡಿದ್ದವು. ಅವನ ಕಾಲದಲ್ಲಿ ಅವನ ಕೈಯಲ್ಲಿ ಯಾವತ್ತೂ ಅಷ್ಟು ಚೆನ್ನಾಗಿ ಹರಡಿರಲಿಲ್ಲ. ಗೇನ್ ಏಳುನೂರಕ್ಕೆ ಇಟ್ಟ. ಗೇನ್ ಅಂದರೆ ಯಂತ್ರದ ಕಣ್ಣು ಬೆಳಕಿಗೆ ಎಷ್ಟು ಹಸಿದಿರಬೇಕು ಎನ್ನುವ ಅಂಕಿ. ಸತುವಿರುವ ಕೋಶ, ಸತುವಿಲ್ಲದ ಕೋಶ, ಎರಡನ್ನೂ ಒಂದೇ ಗೇನ್‌ನಲ್ಲಿ ನೋಡಬೇಕು. ಬೇರೆ ನಿಯಮ ಏನಿಲ್ಲದಿದ್ದರೂ ಈ ಒಂದು ನಿಯಮ ಈ ಕೋಣೆಗೆ ಇದೆ. ಲೇಸರ್ ಹಚ್ಚಿದ. ತೆರೆಯ ಮೇಲೆ, ಏನೂ ಇರಬಾರದ ಕಡೆ, ಒಂದೊಂದು ಕೋಶದ ಒಳಗೂ ಹಸಿರು ಚುಕ್ಕೆಗಳು ಒಂದೊಂದಾಗಿ ಮೂಡಿಕೊಂಡವು.

ಐದು ವರ್ಷದ ಹಿಂದೆಯೂ ಅವು ಹೀಗೆಯೇ ಮೂಡಿದ್ದವು. ಅವತ್ತೇ ಅವನಿಗೆ ಅರ್ಥವಾಗಿತ್ತು. ಕೋಶದ ಕೊಬ್ಬಿನ ಹನಿಗಳು. ಅಣುವಿನ ತಲೆ ಕೊಬ್ಬಿಗೆ ಒಲಿಯುತ್ತದೆ, ಅಲ್ಲಿ ಹೋಗಿ ಅವಿತುಕೊಂಡರೆ ಇಕ್ಕಳ ಖಾಲಿಯಿದ್ದರೂ ಹೊಳೆಯುತ್ತದೆ. ಸತುವಿಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟೇ ವಿಷಯ, ಒಂದು ವಾಕ್ಯದಲ್ಲಿ ಹೇಳಬಹುದು. ಆದರೆ ಅದನ್ನು ಹೇಳಿದರೆ ಹನ್ನೊಂದು ಹಂತ, ಮೂರು ವರ್ಷ, ಎಲ್ಲ ನೀರು ಪಾಲು. ಚಿತ್ರ ಸ್ವಚ್ಛವಾಗಿ ಬರಲಿ ಎಂದು ಪ್ರೊಫೆಸರ್ ಹೇಳಿ ಹೋಗಿದ್ದರು. ಸ್ವಚ್ಛ ಅಂದರೆ ಏನೆಂದು ಅವರೂ ಬಿಡಿಸಿ ಹೇಳಲಿಲ್ಲ, ಅವನೂ ಬಿಡಿಸಿ ಕೇಳಲಿಲ್ಲ. ಇದು ಹಿನ್ನೆಲೆಯ ಮಬ್ಬು, ಎಲ್ಲರೂ ಸ್ವಲ್ಪ ಕಳೆಯುತ್ತಾರೆ ಎಂದುಕೊಂಡು ಗೇನ್ ಇಳಿಸಿದ್ದ. ಆರುನೂರ ಐವತ್ತು. ಚುಕ್ಕೆ ಇತ್ತು. ಆರುನೂರು. ಇತ್ತು. ಐನೂರ ಇಪ್ಪತ್ತಕ್ಕೆ ಹೋಯಿತು. ಎರಡೂ ಚಿತ್ರಗಳನ್ನು ಒಂದೇ ಸೆಟ್ಟಿಂಗ್‌ನಲ್ಲಿ ತೆಗೆಯಲಾಗಿದೆ ಎಂಬ ಸಾಲನ್ನು ಆಮೇಲೆ ಟೈಪ್ ಮಾಡಿದ್ದು ಕೂಡ ಅವನೇ. ಪೇಪರಿನ ಮೂರನೇ ಪುಟದಲ್ಲಿ ಹಸಿರು ಚೌಕದ ಪಕ್ಕ ಒಂದು ಕಪ್ಪು ಚೌಕ. ಆ ಕಪ್ಪು ಚೌಕದಿಂದಾಗಿ ಅವನ ಹುದ್ದೆ ಖಾಯಂ ಆಯಿತು.

ಅವನ ಚಿಕ್ಕಂದಿನಲ್ಲಿ ಅಪ್ಪ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. ಹಿಂದಿನ ಕತ್ತಲ ಕೋಣೆಯಲ್ಲಿ ಕೂತು ಚೂಪು ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಕೂದಲೆಳೆಯಷ್ಟು ಸಣ್ಣ ಗೀರು ಹಾಕುತ್ತಿದ್ದರು. ಮೊಡವೆ ಹೋಗುತ್ತಿತ್ತು, ಕಣ್ಣಿನ ಕೆಳಗಿನ ಕಪ್ಪು ಹೋಗುತ್ತಿತ್ತು. ಒಮ್ಮೆ ಒಬ್ಬ ಹೆಂಗಸು ಅರ್ಜಿಗೆ ಅಂಟಿಸುವ ಫೋಟೋ ತೆಗೆಸಿದಳು, ಚೆನ್ನಾಗಿ ಬರಲಿ ಎಂದು ಹೇಳಿ ಹೋದಳು. ಅಪ್ಪ ಅವಳ ಕೆನ್ನೆಯ ಮಚ್ಚೆಯನ್ನೂ ತೆಗೆದರು. ವಾರದ ನಂತರ ಅವಳು ವಾಪಸು ಬಂದಳು. ಗುರುತಿನ ಚಿಹ್ನೆ ಎಂದು ಕಾಗದದಲ್ಲಿ ಬರೆದಿದ್ದದ್ದೇ ಆ ಮಚ್ಚೆ. ಫೋಟೋದಲ್ಲಿ ಇರುವುದು ನೀನಲ್ಲ ಎಂದು ಕಚೇರಿಯವರು ಅರ್ಜಿ ಹಿಂದಕ್ಕೆ ಕೊಟ್ಟಿದ್ದರು, ಕೊನೆಯ ದಿನ ಮುಗಿದಿತ್ತು. ಅಪ್ಪ ತಲೆಯೆತ್ತದೆ, ಚೆನ್ನಾಗಿ ಬರಲಿ ಅಂದವಳು ನೀನೇ ಅಲ್ವೇನಮ್ಮ ಅಂದರು. ಪರದೆಯ ಹಿಂದೆ ನಿಂತಿದ್ದ ಅವನಿಗೆ ಆ ಉತ್ತರ ಎಷ್ಟು ಸರಿಯಾಗಿದೆ ಅನ್ನಿಸಿತ್ತು. ಅವಳಿಗೂ ಸರಿ ಅನ್ನಿಸಿರಬೇಕು. ಅಳುತ್ತಲೇ, ಹೌದು ತಪ್ಪಾಯ್ತು ಎಂದು ಹೇಳಿ ಮೆಟ್ಟಿಲಿಳಿದಿದ್ದಳು.

"ನೋಡಿ ಸರ್, ಬಂತು," ಎಂದು ಹುಡುಗಿ ಪಿಸುಗುಟ್ಟಿದಳು. "ನನಗೂ ಹೀಗೇ ಬರೋದು."

ಅವಳ ದನಿಯಲ್ಲಿ ಮೊದಲ ಸಲ ಏನೋ ಎದ್ದಿತು. ಸಂತೋಷವಲ್ಲ; ಮುಳುಗುವವನ ಕಾಲಿಗೆ ನೆಲ ತಾಗಿದ ಹಾಗೆ. ಅದು ತನ್ನ ಕೈಯ ತಪ್ಪಲ್ಲ ಎನ್ನುವುದಕ್ಕೆ ಅವಳು ಒಂದು ಹೆಜ್ಜೆ ದೂರದಲ್ಲಿದ್ದಳು. ಈಗ ಅವನು ಸುಮ್ಮನಿದ್ದರೆ ಸಾಕಿತ್ತು, ಏನೂ ಮಾಡಬೇಕಾಗಿರಲಿಲ್ಲ. ಆದರೆ ಬಾಗಿಲ ಕೆಳಗಿಂದ ಬೆಳಕು ಬರುತ್ತಿದೆ, ಟವೆಲು ಸರಿಯಾಗಿ ತುರುಕು ಎಂದು ತನ್ನ ಬಾಯಿ ಹೇಳುವುದು ಅವನಿಗೆ ಕೇಳಿಸಿತು. ಬೆಳಕು ನಿಜವಾಗಿಯೂ ಬರುತ್ತಿತ್ತು, ಒಂದು ದಾರದಷ್ಟು. ಸುಳ್ಳು ಹೇಳಲಿಲ್ಲ ಎಂಬ ಒಂದು ಸಣ್ಣ ಸಮಾಧಾನವೂ ಆಯಿತು. ಅವಳು ಎದ್ದು ಹೋಗಿ ಮೊಣಕಾಲೂರಿ ಕೂತಳು. ಅವಳ ಹೊಸ ಬಟ್ಟೆ ನೆಲಕ್ಕೆ ತಾಗುವ ಸದ್ದು ಬಂತು. ಅವನ ಎಡಗೈ ಗೇನ್‌ನ ಗುಂಡಿಯ ಮೇಲಿತ್ತು. ಗುಂಡಿ ತಿರುಗುವಾಗ ಸದ್ದಾಗುವುದಿಲ್ಲ. ಅವಳು ವಾಪಸು ಬಂದು ಕೂರುವಷ್ಟರಲ್ಲಿ ತೆರೆ ಕಪ್ಪಾಗಿತ್ತು.

ಅವಳು ಬಹಳ ಹೊತ್ತು ನೋಡಿದಳು. ಬಾಗಿಲ ಸಂದಿಯ ಬೆಳಕಾದರೆ ಇಡೀ ತೆರೆ ಮಬ್ಬಾಗಬೇಕು, ಕೋಶದೊಳಗೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಬೀಳುವುದಿಲ್ಲ. ಇದು ಮೊದಲ ವರ್ಷದವರಿಗೂ ಗೊತ್ತು. ತೆರೆಯ ಕೆಳಗಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಗೇನ್‌ನ ಅಂಕಿ ಇರುತ್ತದೆ. ಅವಳ ಕಣ್ಣು ಅಲ್ಲಿಗೆ ಹೋಯಿತೇ? ಅವನು ತಿರುಗಿ ನೋಡಲಿಲ್ಲ. ಅವಳ ಒದ್ದೆ ಕೂದಲಿನ ವಾಸನೆ ಬರುತ್ತಿತ್ತು. ಟವೆಲು, ಎಂದಳು ಅವಳು, ಪ್ರಶ್ನೆಯೂ ಅಲ್ಲ, ಉತ್ತರವೂ ಅಲ್ಲ. ಹೂಂ ಅಂದ. ನೋಟ್‌ಬುಕ್ ತೆರೆದು ಒಂದೇ ಒಂದು ಸಾಲು ಬರೆದಳು. ಕತ್ತಲಲ್ಲಿ ಅದೇನೆಂದು ಕಾಣಲಿಲ್ಲ, ಪೆನ್ನು ಒತ್ತಿ ಬರೆಯುವ ಸದ್ದು ಮಾತ್ರ. ಆಮೇಲೆ, ನಾನೊಂದು ಸಲ ಮಾಡಿ ನೋಡುತ್ತೇನೆ, ನೀವು ಊಟಕ್ಕೆ ಹೋಗಿ ಸರ್ ಎಂದಳು. ಅವನು ಎದ್ದ. ಅವನು ಎದ್ದ ಕುರ್ಚಿಯಲ್ಲಿ ಅವಳು ತಕ್ಷಣ ಕೂತಳು, ಅದರ ಬಿಸಿ ಆರುವುದಕ್ಕೂ ಬಿಡದೆ.

ಕ್ಯಾಂಟೀನಿನಲ್ಲಿ ಅವನ ಮುಂದೆ ತಟ್ಟೆ ಇತ್ತು. ಅವನು ಬೆರಳುಗಳನ್ನು ನೋಡಿಕೊಂಡ. ಸಾಮಾನ್ಯ ಬೆಳಕಿನಲ್ಲಿ ಏನೂ ಕಾಣುವುದಿಲ್ಲ, ಎಲ್ಲರ ಕೈಯ ಹಾಗೆಯೇ ಇತ್ತು. ಅವಳು ಆ ಅಂಕಿ ನೋಡಿದ್ದರೆ ಮೂರು ಗಂಟೆಗೆ ಎಲ್ಲರ ಮುಂದೆ ಹೇಳುತ್ತಾಳೆ. ಹೇಳಲಿ. ಹೇಳಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಲು ಹೋಗಿ ಅವನಿಗೆ ನೆನಪಾದದ್ದು ಗೇಟಿನ ಕಾವಲುಗಾರನ ಮುಖ. ಪ್ರೊಫೆಸರ್ ತಟ್ಟೆ ಹಿಡಿದುಕೊಂಡು ಬಂದು ಎದುರಿಗೆ ಕೂತರು. ಅವರು ಖುಷಿಯಲ್ಲಿದ್ದರು. ಆಸ್ಪತ್ರೆಯವರ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಗಂಡಸರ ಪ್ರಾಸ್ಟೇಟ್ ಗ್ರಂಥಿ ಆರೋಗ್ಯವಾಗಿದ್ದಾಗ ಅದರಲ್ಲಿ ಸತು ತುಂಬಿರುತ್ತದೆ, ಕ್ಯಾನ್ಸರ್ ಹಿಡಿದರೆ ಸತು ಖಾಲಿಯಾಗುತ್ತದೆ. ರೋಗಿಯಿಂದ ತೆಗೆದ ತುಣುಕಿಗೆ ಅಣುವನ್ನು ಹಾಕಿ ನೋಡಿದರೆ ಮುಗಿಯಿತು. ಹೊಳೆದ್ರೆ ಒಳ್ಳೇದು, ಕಪ್ಪಾದ್ರೆ ಕೆಟ್ಟದ್ದು, ಸಣ್ಣ ಮಗುವಿಗೂ ಅರ್ಥವಾಗುತ್ತೆ ಎಂದು ಹೇಳಿ ಅವರು ತುತ್ತು ಬಾಯಿಗಿಟ್ಟುಕೊಂಡರು. ಹುಡುಗಿಯ ವಿಷಯ ಬಂತು. ಒಳ್ಳೆಯ ಹುಡುಗಿ, ಕಷ್ಟಪಡುತ್ತಾಳೆ, ಆದರೆ ಕೆಲವರ ಕೈಗೆ ಹತ್ತುವುದಿಲ್ಲ. ಸುಮ್ಮನೆ ಎಳೆಯುವುದು ಅವಳಿಗೂ ಅನ್ಯಾಯ, ಹತ್ತು ನಿಮಿಷದಲ್ಲಿ ಮುಗಿಸಿಬಿಡೋಣ ಅಂದರು.

ಸರ್, ಒಂದು ವಿಷಯ ಎಂದು ಅವನು ಶುರುಮಾಡಿದ. ಪ್ರೊಫೆಸರ್ ತಲೆಯೆತ್ತಿದರು. ಅವರ ಮೀಸೆಯ ತುದಿಯಲ್ಲಿ ಒಂದು ಅಗುಳು ಇತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ಅವನ ಮನಸ್ಸು ಅಡ್ಡದಾರಿ ಹಿಡಿಯಿತು. ಕೊಬ್ಬಿನ ಹನಿಗಳು ಎಂಬ ಎರಡು ಶಬ್ದ ನಾಲಗೆಯ ತುದಿಗೆ ಬಂದು ನಿಂತಿದ್ದವು. ಹೇಳಪ್ಪ ಅಂದರು ಅವರು. ಸೂಕ್ಷ್ಮದರ್ಶಕದ ಕೋಣೆಯ ಬಾಗಿಲಿಗೆ ಹೊಸ ಟವೆಲು ಬೇಕು, ಹಳೆಯದು ಹರಿದಿದೆ ಎಂದು ಅವನು ಹೇಳಿದ. ಪ್ರೊಫೆಸರ್ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಅಲ್ಲಯ್ಯಾ, ಒಂದು ಟವೆಲಿಗೆ ನನ್ನತ್ರ ಬರ್ಬೇಕಾ ನೀನು?"

ಮೂರು ಗಂಟೆಗೆ ಡಾಕ್ಟರಮ್ಮ ಬಂದರು. ಎತ್ತರದ ಹೆಂಗಸು, ಆಸ್ಪತ್ರೆಯಲ್ಲಿ ರೋಗಿಗಳ ತುಣುಕುಗಳನ್ನು ನೋಡಿ ರೋಗ ಹೌದೋ ಅಲ್ಲವೋ ಹೇಳುವುದು ಅವರ ಕೆಲಸ. ರೋಗಿಗಳ ಮುಖ ನೋಡುವುದಿಲ್ಲ, ಅದಕ್ಕೇ ನಿದ್ದೆ ಬರುತ್ತದೆ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಹುಡುಗಿ ಗೋಡೆಯ ಮೇಲೆ ಚಿತ್ರ ಬಿಡುತ್ತಾ ಹೋದಳು. ಅವಳ ದನಿ ನಡುಗಲಿಲ್ಲ. ನಡುಗಲಿ ಎಂದು ಅವನು ಕಾಯುತ್ತಿದ್ದ. ಒಂದರಿಂದ ಹದಿನಾಲ್ಕರ ತನಕ ಹಸಿರು ಚುಕ್ಕೆಗಳ ಚಿತ್ರ, ಪ್ರೊಫೆಸರ್ ಕುರ್ಚಿಯಲ್ಲಿ ಹೊರಳಾಡಿದರು. ಆಮೇಲೆ, ಇವತ್ತಿನದು ಎಂದು ಹೇಳಿ ಹದಿನೈದನೆಯದನ್ನು ಬಿಟ್ಟಳು. ಹಸಿರು ಚೌಕ, ಪಕ್ಕದಲ್ಲಿ ಕಪ್ಪು ಚೌಕ. ಪ್ರೊಫೆಸರ್ ಮುಂದಕ್ಕೆ ಬಾಗಿದರು. ಅವನು ಬಾಗಲಿಲ್ಲ, ಕೂತಲ್ಲಿಂದಲೇ ಅವನಿಗೆ ಕಂಡಿತು. ಪೇಪರಿನಲ್ಲಿರುವ ಅವನ ಕಪ್ಪು ಚೌಕದಲ್ಲಿ, ಎಲ್ಲಿ ನೋಡಬೇಕೆಂದು ಗೊತ್ತಿದ್ದವರಿಗೆ, ಬಲಗಡೆ ಮೂರು ಚುಕ್ಕೆಗಳ ನೆರಳು ಇನ್ನೂ ಇದೆ; ಐದು ವರ್ಷದಿಂದ ಆ ಪುಟ ತೆರೆದಾಗಲೆಲ್ಲ ಅವನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು. ಇವಳದರಲ್ಲಿ ಏನೂ ಇರಲಿಲ್ಲ. ಇವಳು ಗೇನ್ ಅವನಿಗಿಂತ ಕೆಳಗೆ ಇಳಿಸಿದ್ದಳು.

ಡಾಕ್ಟರಮ್ಮ ಪೆನ್ನಿನಿಂದ ಗಲ್ಲ ತಟ್ಟಿಕೊಂಡರು. ಇವತ್ತು ಏನು ಬದಲಾಯಿತು ಎಂದು ಕೇಳಿದರು.

"ಬಾಗಿಲ ಸಂದಿಯಿಂದ ಬೆಳಕು ಬರ್ತಿತ್ತು ಮೇಡಂ," ಅಂದಳು ಹುಡುಗಿ. "ಸರ್ ಕಂಡುಹಿಡಿದ್ರು."

"ಹದಿನಾಲ್ಕು ಸಲಾನೂ ಬೆಳಕೇನಾ?"

"ಹೌದು ಮೇಡಂ."

"ಎರಡಕ್ಕೂ ಸೆಟ್ಟಿಂಗ್ ಒಂದೇ ತಾನೇ?"

ಅವಳು ಅವನ ಕಡೆಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ತಿರಸ್ಕಾರವಿದ್ದರೂ ಆಗುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಬೀರುವಿನ ಬೀಗದ ಕೈ ಎಲ್ಲಿರುತ್ತದೆ ಎಂದು ಗೊತ್ತಾದಾಗ ಹಳಬರನ್ನು ನೋಡುವಂಥ ನೋಟ ಅದು.

"ಪೇಪರಲ್ಲಿ ಹೇಗಿದೆಯೋ ಹಾಗೇ ಮಾಡಿದ್ದೀನಿ ಮೇಡಂ," ಅಂದಳು.

ಮಾತಾಡಬೇಕಾಗಿದ್ದದ್ದು ಆಗ. ಕೋಣೆಯಲ್ಲಿ ನಾಲ್ಕೇ ಜನ, ಹೊರಗೆ ಹಗಲು, ಯಾರೋ ಕಾರಿಡಾರಿನಲ್ಲಿ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದರು. ಸದ್ದು ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದು ಅವನು ಕಾದ. ಸದ್ದು ಕಳೆಯುವಷ್ಟರಲ್ಲಿ ಪ್ರೊಫೆಸರ್ ಮೇಜು ತಟ್ಟಿ, ಅಂತೂ ಕೈ ಪಳಗಿತಲ್ಲಮ್ಮ ಎಂದು ಹೇಳಿಬಿಟ್ಟಿದ್ದರು. ಹಾಳೆ ಬಂತು. ಮುಂದುವರಿಸಬಹುದು ಎಂಬ ಮನೆಯಲ್ಲಿ ಪ್ರೊಫೆಸರ್ ಗುರುತು ಹಾಕಿ ಸಹಿ ಮಾಡಿದರು, ಡಾಕ್ಟರಮ್ಮ ಮಾಡಿದರು. ಅವನು ಪೆನ್ನು ತೆಗೆದುಕೊಂಡ. ಅವಳು ಉಳಿದಳು ಎಂದು ಅವನಿಗೆ ಸಮಾಧಾನವಾಯಿತು. ನಿಜವಾಗಿಯೂ ಸಮಾಧಾನ, ಭುಜ ಹಗುರವಾಯಿತು. ತಾನು ಅವಳನ್ನು ಉಳಿಸಿದೆ ಎಂದೂ ಒಂದು ಕ್ಷಣ ಅನ್ನಿಸಿತು. ಸಹಿಯ ಕೊನೆಯ ಗೆರೆ ಎಳೆಯುವಾಗ ಆ ಸಮಾಧಾನದ ಮುಖ ಅವನಿಗೆ ಕಂಡಿತು; ಹಾಳೆಯನ್ನು ಮಗುಚಿ ಪ್ರೊಫೆಸರ್ ಕಡೆಗೆ ತಳ್ಳಿದ.

ಎಲ್ಲರೂ ಎದ್ದಾಗ ಡಾಕ್ಟರಮ್ಮ ಚೀಲದಿಂದ ಒಂದು ಥರ್ಮೊಕೋಲ್ ಡಬ್ಬಿ ತೆಗೆದರು. ಒಪ್ಪಂದ ಹೇಗೂ ಆಗಿದೆ, ಬರುವಾಗಲೇ ತಂದುಬಿಟ್ಟೆ ಅಂದರು. ಮಂಜುಗಡ್ಡೆಯ ಮೇಲೆ ಹನ್ನೆರಡು ಗಾಜಿನ ಪಟ್ಟಿ, ಒಂದೊಂದರ ಮೇಲೂ ಒಬ್ಬೊಬ್ಬರ ತುಣುಕು, ಹೆಸರಿಲ್ಲ, ನಂಬರು ಮತ್ತು ವಯಸ್ಸು ಅಷ್ಟೇ. ಹತ್ತರ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಮೊದಲ ಎರ‍ಡು ಮಾತ್ರ ತೊಡಕು. ಅವರಿಬ್ಬರಲ್ಲಿ ಒಬ್ಬರಿಗೆ ಶುಕ್ರವಾರ ಆಪರೇಷನ್ ಇಟ್ಟುಕೊಂಡಿದ್ದಾರೆ. ಗ್ರಂಥಿ ತೆಗೆಯುವುದೋ ಬಿಡುವುದೋ ನಾನು ನನ್ನ ರೀತಿಯಲ್ಲೇ ಹೇಳುತ್ತೇನೆ, ಆದರೆ ನಿಮ್ಮ ಅಣು ಏನು ಹೇಳುತ್ತದೆ ಅಂತ ಗೊತ್ತಿದ್ದರೆ ಧೈರ್ಯ ಅಂದರು. ಪ್ರೊಫೆಸರ್ ಡಬ್ಬಿಯನ್ನು ಹುಡುಗಿಯ ಕೈಗೆ ಕೊಟ್ಟರು. ಇವಳೇ ನೋಡ್ಲಿ, ಇವನು ಪಕ್ಕದಲ್ಲಿರ್ತಾನೆ. ಅವಳು ಎರಡೂ ಕೈಯಲ್ಲಿ ಡಬ್ಬಿ ಹಿಡಿದುಕೊಂಡು ಮುಂದೆ ನಡೆದಳು. ಅವನು ಎರಡು ಹೆಜ್ಜೆ ಹಿಂದೆ ನಡೆದ. ದಾರಿಯಲ್ಲಿ ಅವಳ ಫೋನು ರಿಂಗಾಯಿತು. ಡಬ್ಬಿಯನ್ನು ಕಂಕುಳಿಗೆ ಒತ್ತಿಕೊಂಡು, ಹೂಂ ಅಮ್ಮ, ಆಯ್ತು ಎಂದಳು. ಆ ಕಡೆ ಒಬ್ಬ ಹೆಂಗಸು ಜೋರಾಗಿ ಅಳುತ್ತಲೋ ನಗುತ್ತಲೋ ಇದ್ದಳು.

ಕೋಣೆಯಲ್ಲಿ ಅವಳು ಪರದೆ ಎಳೆದಳು, ಟವೆಲನ್ನು ಸಂದಿಗೆ ಒತ್ತಿ ತುರುಕಿದಳು, ಕುರ್ಚಿಯಲ್ಲಿ ಕೂತಳು. ಅವನಿಗೆ ಸ್ಟೂಲು ಉಳಿದಿತ್ತು. ಮೊದಲನೆಯ ಪಟ್ಟಿಯ ಮೇಲೆ ಐವತ್ತೆಂಟು ಎಂದು ಬರೆದಿತ್ತು. ಅವಳು ಅದಕ್ಕೆ ಅಣುವಿನ ಹನಿ ಹಾಕಿ, ಕಾದು, ತೊಳೆದು, ಲೆನ್ಸಿನ ಮೇಲಿಟ್ಟಳು. ಅವಳ ಕೈ ಎಲ್ಲಿಯೂ ತಡವರಿಸಲಿಲ್ಲ. ಏಳುನೂರಕ್ಕೆ ಇಟ್ಟಾಗ ತುಣುಕು ಹಸಿರಾಗಿ ಹೊಳೆಯಿತು. ಸತುವಿನ ಹಸಿರೋ ಕೊಬ್ಬಿನ ಹಸಿರೋ, ಹೇಳುವವರು ಯಾರೂ ಇಲ್ಲ. ಅವಳು ಗುಂಡಿಯನ್ನು ನಿಧಾನವಾಗಿ, ಏನನ್ನೂ ಮುಚ್ಚಿಡದೆ, ಅವನಿಗೆ ಕಾಣುವ ಹಾಗೆಯೇ ಇಳಿಸಿದಳು. ಹಸಿರು ಕುಗ್ಗಿ ಕುಗ್ಗಿ ಆರಿಹೋಯಿತು. ಮತ್ತೆ ಏರಿಸಿದಳು, ಹೊಳೆಯಿತು. ಐವತ್ತೆಂಟು ವರ್ಷದ ಒಬ್ಬ ಮನುಷ್ಯ ಎಲ್ಲೋ ಒಂದು ಮನೆಯಲ್ಲಿ ಕೂತು, ತನಗೆ ಗೊತ್ತಿಲ್ಲದೆಯೇ, ಒಂದು ನಿಮಿಷದಲ್ಲಿ ಒಮ್ಮೆ ರೋಗಿಯಾಗಿ ಒಮ್ಮೆ ಗುಣವಾದ.

"ಇವರಿಗೆ ಎಷ್ಟಕ್ಕೆ ಇಡ್ಲಿ ಸರ್?"

ಅವಳು ತಮಾಷೆ ಮಾಡುತ್ತಿರಲಿಲ್ಲ, ಚುಚ್ಚುತ್ತಲೂ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದವರ ಹತ್ತಿರ ಕೇಳುತ್ತಿದ್ದಳು. ಇದು ಇದಕ್ಕೆಲ್ಲ ಆಗುವ ಅಣು ಅಲ್ಲ, ಡಬ್ಬಿ ಮುಚ್ಚಿ ವಾಪಸು ಕಳಿಸು ಎಂದು ಹೇಳಲು ಇನ್ನೂ ಹೊತ್ತಿತ್ತು. ಡಾಕ್ಟರಮ್ಮನ ಕಾರು ಇನ್ನೂ ಆಸ್ಪತ್ರೆ ಮುಟ್ಟಿರಲಿಕ್ಕಿಲ್ಲ. ಹಾಗೆ ಹೇಳಿದರೆ ಈಗ ಹೋಗುವುದು ಅವನೊಬ್ಬನೇ ಅಲ್ಲ, ಅರ್ಧ ಗಂಟೆಯ ಹಿಂದೆ ಉಳಿದ ಇವಳೂ ಹೋಗುತ್ತಾಳೆ ಎಂಬ ಯೋಚನೆ ಬಂತು, ಅದು ಎಷ್ಟು ಅನುಕೂಲವಾದ ಯೋಚನೆ ಎಂಬುದೂ ಅದರ ಜೊತೆಗೇ ಹೊಳೆಯಿತು. ಫ್ಯಾನು ಉಸಿರಾಡುತ್ತಿತ್ತು. ಅವಳು ಗುಂಡಿಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು.

"ಆರುನೂರು," ಅಂದ. ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ, ನಡುವಿನದು. ಹೇಳುವಾಗ ಅದು ನ್ಯಾಯದ ಹಾಗೆಯೇ ಕೇಳಿಸಿತು.

ಅವಳು ಗುಂಡಿಯನ್ನು ಆರುನೂರಕ್ಕೆ ತಂದಳು. ತೆರೆಯ ಮೇಲೆ ಏನೂ ಉಳಿಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ನೋಟ್‌ಬುಕ್‌ನಲ್ಲಿ ಆ ನಂಬರಿನ ಎದುರಿಗೆ ಕಪ್ಪು ಎಂದು ಬರೆದು, ಮುಂದಿನವರನ್ನು ಕೊಡಿ ಎಂದು ಕತ್ತಲಲ್ಲೇ ಕೈ ಚಾಚಿದಳು. ಅವನು ಡಬ್ಬಿಗೆ ಕೈಹಾಕಿ ಎರಡನೆಯ ಗಾಜನ್ನು ಹುಷಾರಾಗಿ ಅಂಚಿನಲ್ಲಿ ಹಿಡಿದು ಕೊಟ್ಟ.